ಆಟಕ್ಕುಂಟು, ಲೆಕ್ಕಕ್ಕಿಲ್ಲ: ಸಾಲ್ಯಾಗಿನ ಆಟದ ತಾಸಿನ ಕಥಿ

ಹೋದ ಸಲ ಮಸಾಲಿಖಾರದ ಬಗ್ಗೆ ಬರದಿದ್ದೆ. ಈ ಸಲ ಒಲಿ ಮುಂದಿನ ಮಾತು ಬಿಟ್ಟು ಸ್ವಲ್ಪ ಹಳೇ ಕಥಿ ಹೇಳ್ತೀನಿ. ಕಥಿ ಹಳೇದಾದ್ರೂ ನಮ್ಮ ನಿಮ್ಮ ಮನಿ ಮಕ್ಕಳದೇ.

ಜೂನ್ ತಿಂಗಳು ಬಂತಂದ್ರ ನಮ್ಮ ಓಣ್ಯಾಗ ಮನಿಮನಿಗೂ ಒಂದು ಮಾತು ಕೇಳಸ್ತದ. "ಈ ವರ್ಷ ಹತ್ತನೇ ಇಯತ್ತೆ ಅದ, ಇನ್ನ ಆಟ ಗೀಟ ಎಲ್ಲಾ ಬಂದ್!" ಅಲ್ಲಿಗೆ ಖೋಖೋ ಆಡೋ ಹುಡುಗಿಯ ಬೂಟು ಅಟ್ಟಾ ಏರ್ತಾವ, ಸೈಕಲ್ಲು ಪಾವಟಿಗಿ ಕೆಳಗ ಧೂಳು ತಿಂತದ. ಮುಂಜಾನೆ ಟ್ಯೂಷನ್, ಆಮ್ಯಾಲೆ ಸಾಲಿ, ಸಂಜಿಗೆ ಮತ್ತ ಟ್ಯೂಷನ್, ರಾತ್ರಿ ಮನ್ಯಾಗ ಅಭ್ಯಾಸ. ಎಲ್ಲಾ ಕುಂತೇ. ನಡುವ ಅರ್ಧಾ ತಾಸು ಸಿಕ್ರೂ ಮೊಬೈಲ್ ಹಿಡಕೊಂಡು ಕುಂಡ್ರೂದೇ. ಸಾಲ್ಯಾಗರೆ ಬ್ಯಾರೆ ಇರ್ತದೇನು? ವೇಳಾಪತ್ರಿಕೆಯೊಳಗ ಪಿ.ಟಿ. ಅಂತ ಚಂದಾಗಿ ಬರದಿರ್ತದ. ಆ ಪಿರಿಯಡ್ ಬಂದಾಗ ಗಣಿತದ ಮಾಸ್ತರೋ ವಿಜ್ಞಾನದ ಅಕ್ಕಾವ್ರೋ ಬಂದು "ಪೋರ್ಷನ್ ಉಳದದ" ಅಂತ ಪಾಠ ಸುರು ಮಾಡ್ತಾರ. "ಆಟಕ್ಕುಂಟು, ಲೆಕ್ಕಕ್ಕಿಲ್ಲ" ಅನ್ನೋ ಗಾದಿಮಾತು ಆ ಪಿರಿಯಡ್ಡಿಗೇ ಸರಿ ಹೊಂದ್ತದ.

ನಾನು ಪಿ.ಯು.ಸಿ. ತನಕ ಓದಿದಾಕಿ. ಡಾಕ್ಟರೂ ಅಲ್ಲ, ಮಾಸ್ತರಳೂ ಅಲ್ಲ. ಆದ್ರ ಮನಿ ಖರ್ಚಿನ ಲೆಕ್ಕಾ ಮೂವತ್ತು ವರ್ಷ ಬರದಾಕಿ. ಯಾರರೆ "ಇಲ್ಲಿ ಒಂದು ತಾಸು ಕಳದ್ರ ಅಲ್ಲಿ ಒಂದು ತಾಸು ಕೂಡ್ತದ, ಮಾರ್ಕು ಏರ್ತಾವ" ಅಂದ್ರ, ಈ ಲೆಕ್ಕಾ ಯಾರು ತಾಳೆ ನೋಡ್ಯಾರ ಅಂತ ಕೇಳಬೇಕು ಅನಸ್ತದ. ಹಂಗ ಕೇಳಕೋತ ಓದಿದಾಗ ಗೊತ್ತಾತು, ಇದನ್ನ ಜಗತ್ತಿನಾಗ ಖರೇನೇ ತಾಳೆ ನೋಡ್ಯಾರ. ಒಂದು ಸಲ ಅಲ್ಲ, ಭಾಳ ಸಲ.

ಮೊದಲು ನಮ್ಮ ಕಡೀದೇ ಹೇಳ್ತೀನಿ. ಹಳೇ ಗಾವಟಿ ಸಾಲ್ಯಾಗ ಹುಡುಗರು ನೆಲದ ಮ್ಯಾಲೆ ಕುಂತು ಮರಳಿನಾಗ ಅಕ್ಷರ ತಿದ್ದತಿದ್ರು. ಅಲ್ಲಿ ಆಟದ ಪಿರಿಯಡ್ ಅಂತ ಏನೂ ಇರಲಿಲ್ಲ. ಬೇಕಾಗೂ ಇರಲಿಲ್ಲ. ಸಾಲಿಗೆ ನಡದು ಹೋಗೂದು, ಹೊಲಕ್ಕ ಹೋಗೂದು, ದನಾ ನೀರಿಗೆ ಬಿಡೂದು, ಗಂಡುಹುಡುಗರಿಗೆ ಊರಾಗಿನ ಗರಡಿಮನಿ. ಹುಡುಗ್ಯಾರು ಸಾಲಿ ಕಂಡಿದ್ದೇ ಕಡಿಮಿ, ಆದ್ರ ಬೀಸೂದು, ಕುಟ್ಟೂದು, ನೀರು ಹೊರೂದು ತಪ್ಪತಿರಲಿಲ್ಲ. ಪಂಚಮಿಗೆ ಜೋಕಾಲಿ, ಫುಗಡಿ, ದಿನಾ ಸಂಜಿಗೆ ಕುಂಟಾಟ. ಮೈ ಆಡಸೂದು ಯಾವ ಪುಸ್ತಕದಾಗೂ ಬರೋ ವಿಷಯ ಆಗಿರಲಿಲ್ಲ. ಉಸಿರಾಡೂದನ್ನ ಯಾರೂ ವೇಳಾಪತ್ರಿಕೆಯೊಳಗ ಬರಿಯೂದಿಲ್ಲಲ್ಲ, ಹಂಗ.

ಎಲ್ಲಾ ಮಕ್ಕಳನ್ನೂ ತಂದು ಬೆಂಚಿನ ಮ್ಯಾಲೆ ದಿನಕ್ಕ ಐದಾರು ತಾಸು ಕುಂಡ್ರಸೋ ಸಾಲಿ ಬಂದ ಮ್ಯಾಲೆ ಈ ಪ್ರಶ್ನೆ ಹುಟ್ಟಿತು. ಅಂಥಾ ಸಾಲಿ ಮೊದಲು ಬೆಳದಿದ್ದು ಯುರೋಪ್, ಅಮೆರಿಕಾದಾಗ. ಅದಕ್ಕ ಜಗಳಾನೂ ಅಲ್ಲೇ ಮೊದಲು ಆತು. ಮಜಾ ಏನಂದ್ರ, ಆ ಜಗಳ ಸುರು ಆಗಿದ್ದು ನಮ್ಮ ಈಗಿನ ಮಾತಿಗೆ ಪೂರಾ ಉಲ್ಟಾ.

1873ರಾಗ ಅಮೆರಿಕಾದ ಬೋಸ್ಟನ್ ಊರಿನ ಎಡ್ವರ್ಡ್ ಕ್ಲಾರ್ಕ್ ಅನ್ನೋ ಡಾಕ್ಟರು ಒಂದು ಪುಸ್ತಕ ಬರದ್ರು. ಹಾರ್ವರ್ಡ್ ವೈದ್ಯಕೀಯ ಕಾಲೇಜಿನಾಗ ಪ್ರಾಧ್ಯಾಪಕರಾಗಿದ್ದವ್ರು, ದೊಡ್ಡ ಹೆಸರು. ಅವ್ರು ಹೇಳಿದ್ದರ ಸಾರ ಇಷ್ಟು: ವಯಸ್ಸಿಗೆ ಬರೋ ಹುಡುಗ್ಯಾರು ಗಂಡುಹುಡುಗರ ಸಮ ಓದಿದ್ರ ರಕ್ತ, ಶಕ್ತಿ ಎಲ್ಲಾ ತಲಿಗೆ ಹೋಗ್ತದ, ಬೆಳಿಯೋ ಮೈಗೆ ಕೊರತಿ ಬೀಳ್ತದ, ಮುಂದ ತಾಯಿ ಆಗ್ಲಿಕ್ಕೂ ತ್ರಾಸು. ಅಂದ್ರ ಮನುಷ್ಯಾಳ ಶಕ್ತಿ ಒಂದು ಕೊಡದ ನೀರಿದ್ದಂಗ, ತಲಿಗೆ ಹಾಕಿದ್ರ ಮೈಗೆ ಉಳಿಯೂದಿಲ್ಲ ಅಂತ. ಪುಸ್ತಕ ಭಾಳ ಖರ್ಚಾತು, ಮ್ಯಾಲಿಂದ ಮ್ಯಾಲೆ ಅಚ್ಚಾತು. ಎಷ್ಟೋ ತಂದಿ-ತಾಯಿ ಹೆದರಿದ್ರು.

ಓದಿದ ಹೆಣ್ಮಕ್ಕಳು ಸುಮ್ಮನ ಕೂಡಲಿಲ್ಲ. ಕಾಲೇಜು ಕಲಿತ ಹೆಂಗಸರ ಸಂಘ ಒಂದಿತ್ತು. ಅವರು ತಾವೇ ಪ್ರಶ್ನೆಪತ್ರಿಕಾ ಮಾಡಿ ಪದವಿ ಪಡೆದವ್ರಿಗೆ ಕಳಿಸಿದ್ರು. ನಿಮ್ಮ ಆರೋಗ್ಯ ಸಾಲಿಗೆ ಹೋಗೂಕಿಂತ ಮೊದಲು ಹೆಂಗಿತ್ತು, ಕಾಲೇಜಿನಾಗ ಹೆಂಗಿತ್ತು, ಈಗ ಹೆಂಗದ ಅಂತ. 705 ಮಂದಿ ಉತ್ತರ ಬರದ್ರು. 1885ರಾಗ ಅದು ಅಚ್ಚಾತು. ಓದಿದ್ದರಿಂದ ಆರೋಗ್ಯ ಕೆಟ್ಟಿಲ್ಲ ಅನ್ನೂದು ಆ ಲೆಕ್ಕದಾಗ ಕಾಣಿಸ್ತು. ಹೆಣ್ಮಕ್ಕಳು ತಮ್ಮ ಮೈಯ ಲೆಕ್ಕಾ ತಾವೇ ಬರದು ದೊಡ್ಡ ಡಾಕ್ಟರಿಗೆ ಉತ್ತರ ಕೊಟ್ಟಿದ್ರು ನೋಡ್ರಿ, ನನಗ ಭಾಳ ಸಂತೋಷ ಆತು ಓದಿ.

ಅದೇ ಹೊತ್ತಿಗೆ ಲಂಡನ್ ಊರಾಗ ಇನ್ನೊಬ್ಬಾಕಿ ಬ್ಯಾರೆ ದಾರಿ ಹಿಡದಿದ್ಲು. ಮಾರ್ಟಿನಾ ಬರ್ಗ್‌ಮನ್-ಆಸ್ಟರ್‌ಬರ್ಗ್ ಅಂತ, ಸ್ವೀಡನ್ ದೇಶದ ಹೆಣ್ಮಗಳು. ಸ್ವೀಡನ್ನಿನಾಗ 1813ರಾಗೇ ಲಿಂಗ್ ಅನ್ನೋರು ಅಂಗಸಾಧನೆ ಕಲಸೋ ಸಂಸ್ಥಾ ತಗದಿದ್ರು, ಈಕಿ ಅಲ್ಲಿ ಕಲಿತು ಬಂದಾಕಿ. 1881ರಾಗ ಲಂಡನ್ನಿನ ಸ್ಕೂಲ್ ಬೋರ್ಡು ಹೆಣ್ಮಕ್ಕಳ ಸಾಲಿಗಳ ವ್ಯಾಯಾಮದ ಮೇಲ್ವಿಚಾರಣಾ ಈಕಿಗೆ ಕೊಟ್ಟಿತು. 1885ರಾಗ ತಾನೇ ಒಂದು ಕಾಲೇಜು ತಗದು, ಬರೇ ಹೆಂಗಸರನ್ನ ವ್ಯಾಯಾಮದ ಶಿಕ್ಷಕಿಯರನ್ನಾಗಿ ತಯಾರು ಮಾಡಿದ್ಲು. ಹುಡುಗ್ಯಾರು ಓದಬೇಕೋ, ಮೈ ಗಟ್ಟಿ ಇರಬೇಕೋ ಅನ್ನೋ ಪ್ರಶ್ನೆಗೆ ಆಕಿ ಕೊಟ್ಟ ಉತ್ತರ ಎರಡೂ ಅಂತ.

ಇಂಥಾವ್ರು ನಮ್ಮ ಹುಬ್ಬಳ್ಳಿಯೊಳಗೂ ಇದ್ರು. ಉಮಾಬಾಯಿ ಕುಂದಾಪುರ ಅವ್ರ ಹೆಸರು ನಮ್ಮ ಕಡಿ ಹಿರ್ಯಾರಿಗೆ ಗೊತ್ತಿರ್ತದ. ಸಣ್ಣ ವಯಸ್ಸಿನಾಗ ಮದಿವಿ ಆಗಿ ಬಂದು, ಮಾವನವ್ರ ಒತ್ತಾಸಿಯಿಂದ ಓದಿ, ಹುಬ್ಬಳ್ಳಿಯ ತಿಲಕ ಕನ್ಯಾ ಶಾಲಾ ನೋಡ್ಕೊಂಡಾಕಿ. 1923ರಾಗ ಡಾಕ್ಟರ್ ನಾ.ಸು. ಹರ್ಡೀಕರ್ ಅವ್ರು ಹಿಂದೂಸ್ತಾನಿ ಸೇವಾದಳ ಕಟ್ಟಿದಾಗ, ಅದರ ಹೆಣ್ಮಕ್ಕಳ ವಿಭಾಗಕ್ಕ ಉಮಾಬಾಯಿಯವ್ರೇ ಮುಂದಾಳು. ದಳದಾಗ ಕವಾಯತು, ವ್ಯಾಯಾಮ, ಶಿಸ್ತು ಎಲ್ಲಾ ಇತ್ತು. 1924ರ ಡಿಸೆಂಬರಿನಾಗ ಬೆಳಗಾವಿ ಕಾಂಗ್ರೆಸ್ ಅಧಿವೇಶನಕ್ಕ ಇವ್ರು ಊರೂರು ತಿರುಗಿ 150ಕ್ಕೂ ಹೆಚ್ಚು ಸ್ವಯಂಸೇವಕಿಯರನ್ನ ಕೂಡಿಸಿ ತಂದ್ರು. ಹೊಸ್ತಿಲಾ ದಾಟದ ಹೆಣ್ಮಕ್ಕಳು, ವಿಧವೆಯರೂ ಆ ಗುಂಪಿನಾಗಿದ್ರು. ಬಯಲಾಗ ನಿಂತು ಕೆಲಸಾ ಮಾಡಿದ್ರು. ಒಂದು ಕೈಯಾಗ ಪಾಟಿ, ಒಂದು ಕೈಯಾಗ ಕವಾಯತು. ಅಂದ್ರ "ಹುಡುಗಿಗೆ ಬಯಲು ಬ್ಯಾಡ" ಅನ್ನೂದು ನಮ್ಮ ನೆಲದ ಪದ್ಧತಿ ಅಂತ ಯಾರರೆ ಹೇಳಿದ್ರ, ನೂರು ವರ್ಷದ ಹಿಂದೇ ಅದು ಮುರದದ ಅನ್ರಿ.

ಸರ್ಕಾರನೂ ಆಮ್ಯಾಲೆ ನಿಧಾನಕ್ಕ ಎಚ್ಚರಾತು. ಮದ್ರಾಸಿನಾಗ 1920ರಾಗ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜು ಬಂತು. ನಮ್ಮ ಧಾರವಾಡ ಆಗ ಮುಂಬೈ ಪ್ರಾಂತಕ್ಕ ಸೇರಿತ್ತಲ್ಲ, ಆ ಪ್ರಾಂತಕ್ಕ 1938ರಾಗ ಕಾಂದಿವಲಿಯೊಳಗ ತರಬೇತಿ ಸಂಸ್ಥಾ ಆತು. ಸ್ವಾತಂತ್ರ್ಯ ಬಂದ ಮ್ಯಾಲೆ, 1957ರಾಗ, ಗ್ವಾಲಿಯರಿನಾಗ ಝಾನ್ಸಿ ರಾಣಿ ಹೆಸರಿಲೆ ಲಕ್ಷ್ಮೀಬಾಯಿ ದೈಹಿಕ ಶಿಕ್ಷಣ ಕಾಲೇಜು ತಗದ್ರು. ಹಿಂಗ ಪಿ.ಟಿ. ಮಾಸ್ತರು ತಯಾರಾದ್ರು, ಸೀಟಿ ಬಂತು, ವೇಳಾಪತ್ರಿಕೆಯೊಳಗ ಜಾಗಾನೂ ಸಿಕ್ಕಿತು. ಆದ್ರ ಪರೀಕ್ಷಾದ ದೊಡ್ಡ ಮಾರ್ಕುಗಳ ಮುಂದ ಆ ಜಾಗಾ ಗಟ್ಟಿ ಆಗಲಿಲ್ಲ.

2009ರ ಶಿಕ್ಷಣ ಹಕ್ಕಿನ ಕಾಯ್ದೆಯೊಳಗ ಸಾಲಿಗೆ ಆಟದ ಬಯಲು ಇರಬೇಕು ಅಂತ ಬರದಾರ. ಆದ್ರ ಆ ಕಾಯ್ದೆ ಎಂಟನೇ ಇಯತ್ತೆ ತನಕ ಮಾತ್ರ. ಒಂಬತ್ತನೇ ಇಯತ್ತೆಕ್ಕ ಕಾಲಿಟ್ಟ ಕೂಡ್ಲೇ ಕಾಯ್ದೆ ಕೈ ಬಿಡ್ತದ, ಟ್ಯೂಷನ್ ಕೈ ಹಿಡೀತದ. ಸಿ.ಬಿ.ಎಸ್.ಇ.ಯವ್ರು 2018ರಾಗ ಒಂಬತ್ತರಿಂದ ಹನ್ನೆರಡನೇ ಇಯತ್ತೆ ತನಕ ದಿನಾ ಒಂದು ಪಿರಿಯಡ್ ಆಟಕ್ಕ ಅಂತ ನಿಯಮಾ ಮಾಡಿದ್ರು. ನಿಯಮಾ ಕಾಗದದ ಮ್ಯಾಲೆ ಇದ್ರ ಸಾಲದು, ಮಕ್ಕಳು ಬಯಲಿಗೆ ಇಳೀಬೇಕಲ್ಲ.

ಈಗ ಆ ತಾಳೆ ನೋಡಿದ ಕಥಿಗೆ ಬರ್ತೀನಿ. ಕುಂಡ್ರೂದರ ಲೆಕ್ಕಾ ಮೊದಲು ತಗದವ್ರು ಮಕ್ಕಳದಲ್ಲ, ಬಸ್ಸಿನವ್ರದು. ಜೆರ್ರಿ ಮಾರಿಸ್ ಅನ್ನೋ ಡಾಕ್ಟರು ಲಂಡನ್ನಿನ ಎರಡಂತಸ್ತಿನ ಬಸ್ಸಿನ ಡ್ರೈವರ್-ಕಂಡಕ್ಟರರನ್ನ ಹೋಲಿಸಿ 1953ರಾಗ ಪ್ರಕಟ ಮಾಡಿದ್ರು. ಇಡೀ ದಿನಾ ಕುಂತೇ ಇರೋ ಡ್ರೈವರಿಗೆ ಹೃದಯದ ಬ್ಯಾನಿ ಜಾಸ್ತಿ, ಮೆಟ್ಟಲಾ ಹತ್ತಿ ಇಳದು ಟಿಕೆಟ್ ಹರಿಯೋ ಕಂಡಕ್ಟರಿಗೆ ಕಡಿಮಿ. ಒಂದೇ ಬಸ್ಸು, ಒಂದೇ ದಾರಿ. ಬಸ್ಸಿನಾಗ ಕುಂತಾಗೊಮ್ಮೆ ನನಗ ಇದು ನೆನಪಾಗ್ತದ.

ಅದೇ ಕಾಲಕ್ಕ, 1950ರ ದಶಕದ ಸುರುವಿನಾಗ, ಫ್ರಾನ್ಸಿನ ಪ್ಯಾರಿಸ್ ಹತ್ರ ವಾನ್ವ್ ಅನ್ನೋ ಊರಿನ ಸಾಲ್ಯಾಗ ಮ್ಯಾಕ್ಸ್ ಫೂರೆಸ್ತಿಯೇ ಅನ್ನೋ ಡಾಕ್ಟರು ಒಂದು ಪ್ರಯೋಗ ಮಾಡಿಸಿದ್ರು. ಮುಂಜಾನೆ ಪಾಠ, ಮಧ್ಯಾಹ್ನದ ಮ್ಯಾಲೆ ಆಟ, ಈಜು, ವ್ಯಾಯಾಮ. ಪಾಠದ ಹೊತ್ತು ಕಡಿಮಿ ಮಾಡಿದ್ರು. ತಂದಿ-ತಾಯಿಗೆ ಎಷ್ಟು ಜೀವಾ ಹೊಡಕೊಂಡಿತ್ತೋ! ಮಾರ್ಕು ಬೀಳಲಿಲ್ಲ. ಮಕ್ಕಳ ಆರೋಗ್ಯ, ಶಿಸ್ತು ಸುಧಾರಿಸ್ತು ಅಂತ ಬರದಾರ. ಆದ್ರ ಆ ಮಕ್ಕಳಿಗೆ ಮಧ್ಯಾಹ್ನ ನಿದ್ದಿ, ವಿಟಮಿನ್ ಎಲ್ಲಾ ಕೊಟ್ಟಿದ್ರು. ಅದಕ್ಕ ಎಲ್ಲಾ ಪುಣ್ಯ ಆಟಕ್ಕೇ ಅನ್ಲಿಕ್ಕೆ ಬರೂದಿಲ್ಲ.

ಇದಕ್ಕಿಂತ ಗಟ್ಟಿ ಲೆಕ್ಕಾ ಕೆನಡಾದ್ದು. ಕ್ವಿಬೆಕ್ ಪ್ರಾಂತದ ತ್ರುವಾ-ರಿವಿಯೇರ್ ಅನ್ನೋ ಊರ ಕಡೆ 1970ರಿಂದ 1977ರ ತನಕ, 546 ಪ್ರಾಥಮಿಕ ಸಾಲಿ ಮಕ್ಕಳ ಮ್ಯಾಲೆ ನೋಡಿದ್ರು. ರಾಯ್ ಶೆಪರ್ಡ್ ಮತ್ತ ಅವ್ರ ಜೋಡಿಗಾರರು ಮಾಡಿದ್ದು. ಒಂದು ಗುಂಪಿಗೆ ದಿನಾ ಒಂದು ತಾಸು ಹೆಚ್ಚಿನ ವ್ಯಾಯಾಮ. ಅದಕ್ಕಂತ ಪಾಠದ ಹೊತ್ತು ಸುಮಾರು 13-14 ಪರ್ಸೆಂಟ್ ಕಡಿಮಿ ಆತು. ಅದೇ ಸಾಲಿಯ ಹಿಂದಿನ ವರ್ಷದ, ಮುಂದಿನ ವರ್ಷದ ಮಕ್ಕಳ ಜೋಡಿ ಹೋಲಿಸಿದ್ರು. ಮೊದಲ ಇಯತ್ತೆಯೊಳಗ ಆಟ ಆಡೋ ಮಕ್ಕಳು ಸ್ವಲ್ಪ ಹಿಂದ ಬಿದ್ರು. ಪ್ರಯೋಗ ಅಲ್ಲಿಗೇ ನಿಲ್ಲಿಸಿದ್ರ "ನೋಡ್ರಿ, ನಾ ಹೇಳಿರಲಿಲ್ಲೇನು?" ಅನ್ನೋರು ಗೆಲ್ತಿದ್ರು. ಆದ್ರ ಮುಂದ ಅದೇ ಮಕ್ಕಳು ಸರಿ ಹೋದ್ರು, ಎಷ್ಟೋ ಇಯತ್ತೆಯೊಳಗ ಮುಂದೂ ಹೋದ್ರು. ಪಾಠದ ಹೊತ್ತು ಕಳದಿದ್ರು, ಆದ್ರ ಮಾರ್ಕು ಕಳೀಲಿಲ್ಲ. ಲೆಕ್ಕದ ವಹಿಯೊಳಗ ನನ್ನ ಕಣ್ಣು ನಿಂತಿದ್ದು ಇಲ್ಲೇ.

"ಅವು ಸಣ್ಣ ಮಕ್ಕಳು, ಹತ್ತನೇ ಇಯತ್ತೆ ಮಾತು ಬ್ಯಾರೆ" ಅಂತೀರಿ. ಖರೆ. ಅದಕ್ಕ ಇಂಗ್ಲೆಂಡಿನ ಬ್ರಿಸ್ಟಲ್ ಊರಿನ ಕಥಿ ಕೇಳ್ರಿ. ಅಲ್ಲಿ 1991-92ರ ಸುಮಾರಿಗೆ 14,000ಕ್ಕೂ ಹೆಚ್ಚು ಬಸುರಿ ಹೆಣ್ಮಕ್ಕಳನ್ನ ಒಂದು ಅಧ್ಯಯನಕ್ಕ ಸೇರಿಸ್ಕೊಂಡು, ಹುಟ್ಟಿದ ಮಕ್ಕಳನ್ನ ವರ್ಷಾನುಗಟ್ಟಲೆ ನೋಡಕೋತ ಬಂದ್ರು. ಆ ಮಕ್ಕಳು 11 ವರ್ಷದವ್ರಾದಾಗ ನಡಕ್ಕ ಒಂದು ಸಣ್ಣ ಯಂತ್ರಾ ಕಟ್ಟಿದ್ರು, ಎಷ್ಟು ಓಡಾಡ್ತಾರ ಅಂತ ಅಳೀಲಿಕ್ಕೆ. ಸುಮಾರು 4,755 ಮಕ್ಕಳ ಆ ಲೆಕ್ಕಾನ, ಅವ್ರ 11, 13, 16ನೇ ವಯಸ್ಸಿನ ಪರೀಕ್ಷಾದ ಮಾರ್ಕಿನ ಜೋಡಿ ಇಟ್ಟು ನೋಡಿದ್ರು. ಹೆಚ್ಚು ಜೋರಿಲೆ ಓಡಾಡೋ ಮಕ್ಕಳಿಗೆ ಇಂಗ್ಲಿಷ್, ಗಣಿತ, ವಿಜ್ಞಾನ ಮೂರರಾಗೂ ಮಾರ್ಕು ಚಲೋ ಬಂದಿದ್ವು. ಹುಡುಗ್ಯಾರ ವಿಜ್ಞಾನದಾಗ ಇದು ವಿಶೇಷವಾಗಿ ಕಾಣಿಸ್ತು. ಆಟದಿಂದಲೇ ಮಾರ್ಕು ಬಂತು ಅಂತ ಇದರಿಂದ ಆಣಿ ಮಾಡಿ ಹೇಳ್ಲಿಕ್ಕೆ ಬರೂದಿಲ್ಲ, ಎರಡೂ ಜೋಡಿಲೆ ಹೋಗ್ತಾವ ಅಂತ ಹೇಳಬಹುದು.

ಕೇಂಬ್ರಿಡ್ಜ್ ಕಡೆ ಹದಿನಾಲ್ಕೂವರಿ ವಯಸ್ಸಿನ 845 ಮಕ್ಕಳದು ಇನ್ನೊಂದು ಲೆಕ್ಕಾ ಅದ, 2015ರಾಗ ಪ್ರಕಟ ಆಗಿದ್ದು. ಅದರಾಗ ಓಡಾಟ ಹೆಚ್ಚಿದ್ರ ಮಾರ್ಕು ಏರಲೂ ಇಲ್ಲ, ಇಳೀಲೂ ಇಲ್ಲ. ಆದ್ರ ಟಿ.ವಿ., ಕಂಪ್ಯೂಟರಿನ ಮುಂದ ದಿನಕ್ಕ ಒಂದು ತಾಸು ಹೆಚ್ಚಿಗೆ ಕುಂತವ್ರಿಗೆ 16ನೇ ವಯಸ್ಸಿನ ಪರೀಕ್ಷಾದಾಗ ಎರಡು ವಿಷಯದಾಗ ಒಂದೊಂದು ಗ್ರೇಡು ಇಳದಷ್ಟು ಮಾರ್ಕು ಕಡಿಮಿ ಕಂಡವು. ಪುಸ್ತಕಾ ಓದ್ಲಿಕ್ಕೆ, ಅಭ್ಯಾಸಕ್ಕ ಕುಂತವ್ರಿಗೆ ಮಾರ್ಕು ಜಾಸ್ತಿ. ಇದರಾಗ ನನಗ ತಿಳದಿದ್ದು: ಕುಂಡ್ರೂದರಾಗೂ ಎರಡು ಜಾತಿ ಅವ. ಎಲ್ಲಾ ಕುಂಡ್ರೂದನ್ನೂ ಒಂದೇ ತಕ್ಕಡಿಯೊಳಗ ಹಾಕಬಾರದು. ನಾವು ಏನು ಮಾಡ್ತೀವಿ? ಮಾರ್ಕಿಗೆ ಕೈ ಹಚ್ಚದ ಆಟಾನ ಮೊದಲು ಬಂದ್ ಮಾಡ್ತೀವಿ, ಮಾರ್ಕು ತಿನ್ನೋ ಪರದೆ ಮಾತ್ರ "ಪಾಪ, ದಣದದ, ಸ್ವಲ್ಪ ಹೊತ್ತು ನೋಡ್ಲಿ" ಅಂತ ಬಿಡ್ತೀವಿ.

ತಲಿ ಒಳಗ ಏನಾಗ್ತದ ಅಂತ ಕೇಳೋರಿಗೆ ಒಂದು ಮಾತು. 2009ರಾಗ ಅಮೆರಿಕಾದ ಇಲಿನಾಯ್ ವಿಶ್ವವಿದ್ಯಾಲಯದಾಗ ಸುಮಾರು ಒಂಬತ್ತು-ಹತ್ತು ವರ್ಷದ 20 ಮಕ್ಕಳನ್ನ ಒಂದು ದಿನಾ ಸುಮ್ಮನ ಕುಂಡ್ರಿಸಿ, ಇನ್ನೊಂದು ದಿನಾ 20 ನಿಮಿಷ ಜೋರು ನಡಸಿ, ಆಮ್ಯಾಲೆ ಪರೀಕ್ಷಾ ಕೊಟ್ರು. ನಡದ ದಿನಾ ಲಕ್ಷ್ಯ ಹೆಚ್ಚಿತ್ತು, ಓದಿದ್ದು ಅರ್ಥ ಆಗೂದೂ ಚಲೋ ಇತ್ತು. ಬರೇ 20 ನಿಮಿಷ. ನಮ್ಮ ಓಣಿಯಿಂದ ಗುಡಿಗೆ ಹೋಗಿ ಬಂದಷ್ಟು.

ಈಗ ಜಗತ್ತೇ ಕುಂತದ. 2019ರಾಗ ಪ್ರಕಟ ಆದ, 146 ದೇಶದ ಲೆಕ್ಕಾ ಕೂಡಿಸಿದ ವರದಿಯೊಳಗ, 11ರಿಂದ 17 ವರ್ಷದ ಸಾಲಿ ಮಕ್ಕಳಾಗ ನೂರಕ್ಕ 81 ಮಂದಿ ದಿನಕ್ಕ ಒಂದು ತಾಸಿನಷ್ಟೂ ಮೈ ಆಡಸೂದಿಲ್ಲ ಅಂತ ಬಂತು. ಗಂಡುಹುಡುಗರು 78, ಹುಡುಗ್ಯಾರು 85. ವಿಶ್ವ ಆರೋಗ್ಯ ಸಂಸ್ಥೆ ಹೇಳೂದು ದಿನಕ್ಕ ಸರಾಸರಿ 60 ನಿಮಿಷ. ಹುಡುಗ್ಯಾರು ಯಾಕ ಇನ್ನೂ ಹಿಂದ ಅಂತ ನಮಗ ಯಾರೂ ಹೇಳಬೇಕಾಗಿಲ್ಲ. ದೊಡ್ಡಾಕಿ ಆದ ಮ್ಯಾಲೆ ಬಯಲು ಬ್ಯಾಡ, ಕತ್ತಲಾದ್ರ ಹೊರಗ ಬ್ಯಾಡ, ಮೈ ಕರ್ರಗ ಆಗ್ತದ, ಮಂದಿ ಏನಂತಾರ. ಅದರ ಮ್ಯಾಲೆ ಹತ್ತನೇ ಇಯತ್ತೆ. 2006-07ರಾಗ ನಮ್ಮ ಸರ್ಕಾರ ಎಂಟನೇ ಇಯತ್ತೆ ಮಕ್ಕಳಿಗೆ ಸೈಕಲ್ ಕೊಡೂದು ಸುರು ಮಾಡಿದಾಗ, ಹಳ್ಳಿ ದಾರ್ಯಾಗ ಜಡಿ ಹಾರಿಸಕೋತ ಸಾಲು ಹಿಡದು ಹೋಗೋ ಹುಡುಗ್ಯಾರನ್ನ ಕಂಡು ಕಣ್ಣು ತಂಪಾಗಿದ್ವು. ಪ್ಯಾಟ್ಯಾಗಿನ ಎಷ್ಟೋ ಮನಿ ಹುಡುಗ್ಯಾರು ಈಗ ವ್ಯಾನಿನಾಗ ಕುಂತು ಹೋಗ್ತಾರ, ವ್ಯಾನಿನಾಗ ಕುಂತು ಬರ್ತಾರ.

ಕ್ಲಾರ್ಕ್ ಡಾಕ್ಟರ್ ಮಾತು ಮತ್ತ ನೆನಸ್ಕೋರಿ. ಅವ್ರು "ಓದಿದ್ರ ಮೈ ಕೆಡ್ತದ, ಹುಡುಗಿ ಓದೂದು ಕಡಿಮಿ ಮಾಡಲಿ" ಅಂದ್ರು. ನಾವು "ಆಡಿದ್ರ ಓದು ಕೆಡ್ತದ, ಹುಡುಗಿ ಆಡೂದು ಬಂದ್ ಮಾಡಲಿ" ಅಂತೀವಿ. ಮಾತು ಉಲ್ಟಾ ಕಂಡ್ರೂ ಎರಡೂ ಅದೇ ಒಂದು ಕೊಡದ ನೀರಿನ ಲೆಕ್ಕಾ. ಮತ್ತ ಎರಡೂ ಸಲ ಕಡತಾ ಬಿದ್ದಿದ್ದು ಹುಡುಗಿಯ ಪಾಲಿಗೇ. ಆದ್ರ ಮನುಷ್ಯಾಳ ಶಕ್ತಿ ಕೊಡದ ನೀರಲ್ಲ, ಬಾವಿ ನೀರು. ಸೇದದ ಬಾವಿ ಪಾಚಿ ಕಟ್ತದ ಅನ್ನೂದು ನಮಗ ಗೊತ್ತಿಲ್ಲದ್ದೇನಲ್ಲ.

ನನ್ನ ತಂಗಿ ಮಗಳು ಈ ವರ್ಷ ನಮ್ಮ ಮನ್ಯಾಗೇ ಇದ್ದು ಹತ್ತನೇ ಇಯತ್ತೆ ಓದ್ಲಿಕತ್ತಾಳ. ಖೋಖೋದಾಗ ತಾಲ್ಲೂಕು ಮಟ್ಟದ ತನಕ ಹೋದಾಕಿ. ಸಾಲ್ಯಾಗ ಪಾಲಕರ ಸಭೆಯೊಳಗ "ಮಾರ್ಚ್ ತನಕ ಆಟ ಬ್ಯಾಡ" ಅಂತ ಎಲ್ಲಾರ ಮುಂದ ಹೇಳಿದ್ರು. ಊರಿಂದ ತಂಗಿ ಫೋನ್ ಮಾಡಿ, "ಅಕ್ಕಾ, ಮಾರ್ಕು ಕಡಿಮಿ ಬಂದ್ರ ನೀ ಹೊಣಿ ಏನು?" ಅಂತ ಕೇಳಿದ್ಲು. ಆಕಿ ಹಂಗ ಕೇಳಿದ್ದು ತಪ್ಪಲ್ಲ, ಹೆತ್ತ ಜೀವಾ. ಮಾರ್ಕಿಗೆ ಯಾರೂ ಹೊಣಿ ಆಗ್ಲಿಕ್ಕೆ ಬರೂದಿಲ್ಲ, ಟ್ಯೂಷನ್ನಿನವ್ರೂ ಆಗೂದಿಲ್ಲ. ಆದ್ರ ದಿನಕ್ಕ ಒಂದು ತಾಸು ಬಯಲಿಗೆ ಬಿಟ್ಟಿದ್ದಕ್ಕ ಮಾರ್ಕು ಹೋತು ಅನ್ನೋ ಮಾತಿಗೆ ಮಾತ್ರ ನಾ ಒಪ್ಪೂದಿಲ್ಲ. ಮ್ಯಾಲೆ ಬರದಿದ್ದೆಲ್ಲಾ ಆಕಿಗೆ ಕೊಟ್ಟ ಉತ್ತರನೂ ಹೌದು.

ನಮ್ಮ ಮನ್ಯಾಗ ಈಗ ಹಿಂಗದ. ಸಂಜಿ ಐದೂವರಿಯಿಂದ ಆರೂವರಿ ಆಕಿ ಬಯಲಿನಾಗ, ನಾನು ಅಲ್ಲೇ ಬದೂಕ ಸುತ್ತ ಹಾಕ್ತಿರ್ತೀನಿ. ಮನಿಗೆ ಬಂದು ಕೈಕಾಲು ಮಾರಿ ತೊಳಕೊಂಡು, ಹಾಲು ಕುಡದು, ಪುಸ್ತಕಕ್ಕ ಕುಂಡ್ರೂದು. ನಲವತ್ತು ನಿಮಿಷಕ್ಕೊಮ್ಮೆ ಎದ್ದು ಕೊಡಾ ತುಂಬೂದೋ, ಒಣಗಿದ ಅರಬಿ ತರೂದೋ. ಫೋನು ಊಟ ಆಗೂತನಕ ನನ್ನ ಮಸಾಲಿ ಡಬ್ಬಿ ಪಕ್ಕ. ಮಳಿ ಇದ್ರ ಪಡಸಾಲ್ಯಾಗೇ ಹಗ್ಗ ಜಿಗೀತಾಳ, ಕೆಳಗಿನ ಮನಿಯವ್ರ ಕಡಿಂದ ಮೊದಲೇ ಕ್ಷಮಾ ಕೇಳ್ಕೊಂಡೀವಿ.

ಒಬ್ಬಾಕಿ ಹುಡುಗಿ ಬಯಲಾಗ ಇದ್ರ ಮಂದಿ ನೋಡ್ತಾರ, ಹತ್ತು ಮಂದಿ ಇದ್ರ ಯಾರೂ ನೋಡೂದಿಲ್ಲ. ಅದಕ್ಕ ನಮ್ಮ ಓಣಿಯವ್ರೆಲ್ಲಾ ನಿಮ್ಮ ನಿಮ್ಮ ಹುಡುಗ್ಯಾರನ್ನ ಕಳಸ್ರಿ, ಕಾಯಲಿಕ್ಕೆ ನಾವು ಹೆಂಗಸರು ಪಾಳಿ ಹಚ್ಚೋಣು. ಸೋಮವಾರ, ಗುರುವಾರ ನನ್ನ ಪಾಳಿ. ಉಳದ ದಿನಾ ಯಾರ್ಯಾರಿಗೆ ಆಗ್ತದ ಹೇಳ್ರಿ. ಮುಂದಿನ ಸಲ ಸಾಲಿ ಪಾಲಕರ ಸಭಾಕ್ಕ ಹೋದಾಗ, ಪಿ.ಟಿ. ಪಿರಿಯಡ್ ಯಾರು ತಗೋತಾರ ಅಂತ ಎಲ್ಲಾರೂ ಒಂದೊಂದು ಸಲ ಕೇಳೋಣು. ನಾಲ್ಕು ಮಂದಿ ತಾಯಂದ್ರು ಕೇಳಿದ್ರ ಉತ್ತರಾ ಕೊಡಬೇಕಾಗ್ತದ.